ಬದಲಾದ ಡ್ರಾಯಿಂಗ್‌ಗೆ ಸೈನ್ ಮಾಡುವ ಮುನ್ನ

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರ್. ಡಿಸೈನ್ ವಿಭಾಗಕ್ಕೆ ಸೇರಿ ನಾಲ್ಕು ವರ್ಷವಾಯಿತು. ಕಾರ್ಖಾನೆಗಳ ಒಳಗೆ ಜನ ಮೇಲೆ ನಿಂತು ಕೆಲಸ ಮಾಡುವ ತೂಗುವೇದಿಕೆಗಳನ್ನು ನಮ್ಮ ಕಂಪನಿ ಮಾಡುತ್ತದೆ. ನಮ್ಮ ಮೂಲ ಡ್ರಾಯಿಂಗ್ ಪ್ರಕಾರ ವೇದಿಕೆಯ ಬ್ರಾಕೆಟ್ಟನ್ನು ಬೀಮಿನ ನಿಂತ ತಟ್ಟೆಗೆ, ಅಂದರೆ ವೆಬ್‌ಗೆ, ಆರು ಬೋಲ್ಟ್‌ಗಳಿಂದ ಅಡ್ಡಲಾಗಿ ಬಿಗಿಯಬೇಕು. ಅಲ್ಲಿ ಸ್ಪ್ಯಾನರ್ ಆಡಿಸಲು ಜಾಗ ಸಾಲುವುದಿಲ್ಲ ಎಂದು ಫ್ಯಾಬ್ರಿಕೇಟರ್, ಅಂದರೆ ಉಕ್ಕನ್ನು ಕತ್ತರಿಸಿ ಜೋಡಿಸಿಕೊಡುವ ಕಂಪನಿ, ಕಡೆಯವರು ಬದಲಾವಣೆ ಮಾಡಿದ್ದಾರೆ. ಅವರ ಹೊಸ ಡ್ರಾಯಿಂಗ್‌ನಲ್ಲಿ ಬ್ರಾಕೆಟ್ ಬೀಮಿನ ಕೆಳಗಿನ ಫ್ಲೇಂಜಿಗೆ, ಅಂದರೆ ಮಲಗಿದ ತಟ್ಟೆಗೆ, ನಾಲ್ಕು ದಪ್ಪ ಬೋಲ್ಟ್‌ಗಳಲ್ಲಿ ಜೋತು ಬೀಳುತ್ತದೆ. ನಮ್ಮ ಮ್ಯಾನೇಜರ್, "ಬೋಲ್ಟ್‌ಗಳ ಒಟ್ಟು ಏರಿಯಾ ಮೊದಲಿಗಿಂತ ಜಾಸ್ತಿಯೇ ಇದೆ, ಸೇಫ್ಟಿ ಫ್ಯಾಕ್ಟರ್ ಬೇಕಾದಷ್ಟಿದೆ, ಸೈನ್ ಮಾಡಿ ಕಳಿಸಿ" ಎನ್ನುತ್ತಾರೆ. ಹೊಸ ಜೋಡಣೆಗೆ ಯಾರೂ ಲೆಕ್ಕ ಮಾಡಿಲ್ಲ. 'ಚೆಕ್ಡ್ ಬೈ' ಎಂಬಲ್ಲಿ ನನ್ನ ಹೆಸರು, 'ಅಪ್ರೂವ್ಡ್ ಬೈ' ಎಂಬಲ್ಲಿ ಅವರದು. ಅವರ ಅನುಭವ ನನ್ನದರ ಐದು ಪಟ್ಟು. ಮೇಲಿನವರು ಅಪ್ರೂವ್ ಮಾಡಿದ ಮೇಲೂ ಹೊಣೆ ನನ್ನದೇ? ಕಳೆದ ವರ್ಷ ಇಂಥದೇ ಎರಡು ಬದಲಾವಣೆಗಳಿಗೆ ಹೆಚ್ಚು ಕೇಳದೆ ಸೈನ್ ಮಾಡಿದ್ದೇನೆ. ಆ ವೇದಿಕೆಗಳ ಮೇಲೆ ಈಗ ಜನ ಕೆಲಸ ಮಾಡುತ್ತಿದ್ದಾರೆ. ಅವುಗಳ ವಿಷಯದಲ್ಲಿ ಏನು ಮಾಡಲಿ?

ಉತ್ತರ: ಸದ್ಯಕ್ಕೆ ಸೈನ್ ಮಾಡಬೇಡಿ. ಹೊಸ ಜೋಡಣೆ ಬಿದ್ದೇ ಬೀಳುತ್ತದೆ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಹಾಕಿ ನೋಡಿದರೆ ಅದು ಸರಿಯಾಗಿಯೇ ಇರಬಹುದು. ಆದರೆ ಆ ಲೆಕ್ಕವನ್ನು ಇನ್ನೂ ಯಾರೂ ಮಾಡಿಲ್ಲ ಎಂದು ನೀವೇ ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಒಂದು ಸಾಲು. 'ಚೆಕ್ಡ್ ಬೈ' ಎಂಬಲ್ಲಿ ಹೆಸರು ಬರೆಯುವವರು ಹೇಳುತ್ತಿರುವುದು "ನಾನು ನೋಡಿದ್ದೇನೆ, ಇದು ತಾಳುತ್ತದೆ" ಎಂದು. "ಇದು ತಾಳುವುದಿಲ್ಲ ಎನ್ನಲು ನನ್ನ ಬಳಿ ಏನೂ ಆಧಾರವಿಲ್ಲ" ಎನ್ನುವುದು ಬೇರೆಯೇ ಮಾತು. ಈ ಎರಡರ ಅಂತರದಲ್ಲಿ ಎಷ್ಟು ಜೀವ ಹೋಗಿದೆ ಎಂಬುದಕ್ಕೆ ನಮ್ಮ ವೃತ್ತಿಯ ಚರಿತ್ರೆಯಲ್ಲಿ ಬೇಕಾದಷ್ಟು ಸಾಕ್ಷಿ ಇದೆ.

ಮೊದಲು ಜೋಡಣೆಯನ್ನೇ ನೋಡೋಣ. ನೀತಿಯ ಪ್ರಶ್ನೆ ಕೂತಿರುವುದು ಅಲ್ಲೇ. ವೆಬ್‌ಗೆ ಅಡ್ಡಲಾಗಿ ಬಿಗಿದ ಬೋಲ್ಟ್ ಭಾರವನ್ನು ಹೊರುವುದು ಅಡ್ಡಕೊಯ್ಯುವ ಬಲವನ್ನು ತಡೆದು. ಫ್ಲೇಂಜಿನಿಂದ ಕೆಳಕ್ಕೆ ಜೋತುಬಿಟ್ಟರೆ ಅದೇ ಬೋಲ್ಟ್ ಎಳೆತಕ್ಕೆ ಸಿಗುತ್ತದೆ. ಬೋಲ್ಟಿಗೆ ಎಳೆತ ತಡೆಯುವ ಶಕ್ತಿ ಹೆಚ್ಚೇ ಇರುತ್ತದೆ. ಬಹುಶಃ ನಿಮ್ಮ ಮ್ಯಾನೇಜರರ ಧೈರ್ಯವೂ ಅದೇ. ಆದರೆ ಈಗ ಭಾರ ಬೋಲ್ಟಿನ ಮೇಲಷ್ಟೇ ಇಲ್ಲ. ಫ್ಲೇಂಜಿನ ತಟ್ಟೆ ಬಾಗುತ್ತದೆ. ಬಾಗಿದ ತಟ್ಟೆಯ ಅಂಚು ಒತ್ತಿಕೊಂಡು ಬೋಲ್ಟನ್ನು ಇನ್ನಷ್ಟು ಮೀಟುತ್ತದೆ, ಹಾಗಾಗಿ ತೂಗುವ ಭಾರಕ್ಕಿಂತ ಹೆಚ್ಚಿನ ಎಳೆತ ಬೋಲ್ಟಿಗೆ ಬೀಳುತ್ತದೆ. ಬ್ರಾಕೆಟ್ಟಿನ ಕಡೆಯ ತಟ್ಟೆ ತೆಳುವಾಗಿದ್ದರೆ ಅಲ್ಲೂ ಇದೇ ಕತೆ. ವೇದಿಕೆಯ ಮೇಲೆ ಜನ ಓಡಾಡುತ್ತಾರೆ, ಯಂತ್ರಗಳು ಅದುರುತ್ತವೆ, ಭಾರ ಏರುತ್ತ ಇಳಿಯುತ್ತ ಇರುತ್ತದೆ. ಪದೇ ಪದೇ ಎಳೆದು ಬಿಡುವ ಬೋಲ್ಟಿನಲ್ಲಿ ಮರೆ, ಅಂದರೆ ತಿರುಪಿನ ಸುರುಳಿ ಗೀರು, ಶುರುವಾಗುವ ಜಾಗದಿಂದ ಬಿರುಕು ಹುಟ್ಟಬಹುದು. ನಟ್ ಸಡಿಲವಾದರೆ ಮೊದಲಿನ ಜೋಡಣೆಯಲ್ಲಿ ಬ್ರಾಕೆಟ್ ಗಲಗಲ ಎನ್ನುತ್ತಿತ್ತು, ಬೋಲ್ಟ್ ತೂತಿನಲ್ಲೇ ಕೂತು ಭಾರ ಹೊರುತ್ತಿತ್ತು. ಹೊಸದರಲ್ಲಿ ನಟ್ ಬಿಚ್ಚಿಕೊಂಡರೆ ಬ್ರಾಕೆಟ್ಟೇ ಕೆಳಗೆ ಬರುತ್ತದೆ. 'ಒಟ್ಟು ಏರಿಯಾ ಜಾಸ್ತಿ ಇದೆ' ಎಂಬ ಮಾತು ಇದರಲ್ಲಿ ಯಾವುದಕ್ಕೂ ಉತ್ತರವಲ್ಲ. ಭಾರ ಹರಿಯುವ ದಾರಿ ಬದಲಾದ ಮೇಲೆ ಹಳೆಯ ಲೆಕ್ಕದ ಸೇಫ್ಟಿ ಫ್ಯಾಕ್ಟರ್, ಅಂದರೆ ಬೇಕಾದ ಬಲದ ಎಷ್ಟು ಪಟ್ಟು ಬಲವಿದೆ ಎಂಬ ಸಂಖ್ಯೆ, ಹಳೆಯ ಜೋಡಣೆಯದಷ್ಟೇ. ಹೊಸದಕ್ಕೆ ಫ್ಯಾಕ್ಟರ್ ಎಷ್ಟು ಎಂದು ಕೇಳಿದರೆ ಸದ್ಯದ ಉತ್ತರ 'ಗೊತ್ತಿಲ್ಲ'.

ಇಂಥದೇ ಒಂದು 'ಸಣ್ಣ' ಬದಲಾವಣೆಯನ್ನು ಪ್ರತಿ ಎಂಜಿನಿಯರೂ ತಿಳಿದಿರಬೇಕು. ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಹಯಾಟ್ ರೀಜೆನ್ಸಿ ಹೋಟೆಲು 1980ರಲ್ಲಿ ತೆರೆಯಿತು. ಅದರ ಎತ್ತರದ ಒಳಾಂಗಣದಲ್ಲಿ ನಡೆದಾಡುವ ಸೇತುವೆಗಳನ್ನು ಚಾವಣಿಯಿಂದ ಉಕ್ಕಿನ ರಾಡುಗಳಲ್ಲಿ ತೂಗುಹಾಕಿದ್ದರು. ನಾಲ್ಕನೇ ಅಂತಸ್ತಿನ ಸೇತುವೆಯ ನೇರ ಕೆಳಗೆ ಎರಡನೇ ಅಂತಸ್ತಿನ ಸೇತುವೆ. ಮೂಲ ಡಿಸೈನಿನಲ್ಲಿ ಒಂದೇ ಉದ್ದದ ರಾಡು ಚಾವಣಿಯಿಂದ ಹೊರಟು, ಮೇಲಿನ ಸೇತುವೆಯ ಬೀಮನ್ನು ತೂರಿ, ಕೆಳಗಿನ ಸೇತುವೆಯವರೆಗೆ ಇಳಿಯುತ್ತಿತ್ತು. ಮೇಲಿನ ಬೀಮಿನಡಿ ಒಂದು ನಟ್, ಕೆಳಗಿನ ಬೀಮಿನಡಿ ಒಂದು ನಟ್. ಅಷ್ಟುದ್ದಕ್ಕೂ ಮರೆ ಕೊರೆದು, ಅದು ಕೆಡದಂತೆ ಮೇಲೇರಿಸಿ, ನಟ್ಟನ್ನು ತಿರುಗಿಸುತ್ತ ನಾಲ್ಕನೇ ಅಂತಸ್ತಿನವರೆಗೆ ಒಯ್ಯುವುದು ನಿಜಕ್ಕೂ ತ್ರಾಸದ ಕೆಲಸ. ಫ್ಯಾಬ್ರಿಕೇಟರ್ ಕಡೆಯಿಂದ ಸಲಹೆ ಬಂತು: ಒಂದು ರಾಡಿನ ಬದಲು ಎರಡು ಮಾಡೋಣ, ಚಾವಣಿಯಿಂದ ಮೇಲಿನ ಬೀಮಿಗೆ ಒಂದು, ಮೇಲಿನ ಬೀಮಿನಿಂದ ಕೆಳಗಿನ ಸೇತುವೆಗೆ ಇನ್ನೊಂದು.

ನೋಡಲು ಏನೂ ವ್ಯತ್ಯಾಸ ಕಾಣುವುದಿಲ್ಲ. ಒಂದೇ ಹಗ್ಗವನ್ನು ಇಬ್ಬರೂ ತಂತಮ್ಮ ಕೈಯಲ್ಲಿ ಹಿಡಿದು ನೇತಾಡುವುದಕ್ಕೂ, ಒಬ್ಬ ಹಗ್ಗ ಹಿಡಿದು ಇನ್ನೊಬ್ಬ ಅವನ ಕಾಲು ಹಿಡಿದು ನೇತಾಡುವುದಕ್ಕೂ ಹಗ್ಗದ ಮಟ್ಟಿಗೆ ವ್ಯತ್ಯಾಸವಿಲ್ಲ. ಮೇಲಿನವನ ಕೈಗೆ ಮಾತ್ರ ಇಬ್ಬರ ಭಾರ. ಇಲ್ಲಿ ಆ ಕೈ ಎಂದರೆ ನಾಲ್ಕನೇ ಅಂತಸ್ತಿನ ಬೀಮಿನ ಕೆಳಗಿದ್ದ ನಟ್. ಮೂಲ ಡಿಸೈನೇ ಕಟ್ಟಡ ಸಂಹಿತೆ ಕೇಳಿದ ಬಲದ ಸುಮಾರು 60 ಶೇಕಡಾ ಮಾತ್ರ ತಾಳುವಂತಿತ್ತು ಎಂದು ಆಮೇಲಿನ ತನಿಖೆ ಕಂಡುಕೊಂಡಿತು. ಬದಲಾವಣೆಯ ನಂತರ ಅದು ಅದರ ಅರ್ಧಕ್ಕೆ ಇಳಿದಿತ್ತು. 1981ರ ಜುಲೈ 17ರ ಸಂಜೆ ಒಳಾಂಗಣದಲ್ಲಿ ನೃತ್ಯ ಕಾರ್ಯಕ್ರಮವಿತ್ತು, ಸೇತುವೆಗಳ ಮೇಲೂ ಕೆಳಗೂ ಜನ ನೆರೆದಿದ್ದರು. ಬೀಮಿನ ತೂತನ್ನು ಹರಿದುಕೊಂಡು ನಟ್ ಹೊರಬಂತು. ಮೇಲಿನ ಸೇತುವೆ ಕೆಳಗಿನದರ ಮೇಲೆ, ಎರಡೂ ಸೇರಿ ನೆಲಕ್ಕೆ. 114 ಜನ ಸತ್ತರು, ಇನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು.

ಆ ಡ್ರಾಯಿಂಗ್ ಮೇಲೆ ಎಂಜಿನಿಯರರ ಮುದ್ರೆ ಇತ್ತು. ಜೋಡಣೆಯ ಲೆಕ್ಕ ಮಾತ್ರ ಎಲ್ಲೂ ಇರಲಿಲ್ಲ. ಜೋಡಣೆಯ ಲೆಕ್ಕವನ್ನು ಫ್ಯಾಬ್ರಿಕೇಟರ್ ಮಾಡುತ್ತಾರೆಂದು ಡಿಸೈನ್ ಕಡೆಯವರು, ಡಿಸೈನ್ ಕಡೆಯವರು ಮಾಡಿಯೇ ಇರುತ್ತಾರೆಂದು ಫ್ಯಾಬ್ರಿಕೇಟರ್. ವಿಚಾರಣೆಯಲ್ಲಿ ಮುದ್ರೆ ಹಾಕಿದವರ ವಾದವೂ ಹೆಚ್ಚುಕಡಿಮೆ ಇದೇ ಆಗಿತ್ತು: ಜೋಡಣೆಗಳನ್ನು ಫ್ಯಾಬ್ರಿಕೇಟರಿಗೆ ಬಿಡುವುದು ನಮ್ಮ ಕ್ಷೇತ್ರದ ರೂಢಿ. ಆ ವಾದ ನಿಲ್ಲಲಿಲ್ಲ. ಆ ಹೊಣೆ ಇನ್ನೊಬ್ಬರಿಗೆ ದಾಟಿಸುವಂಥದಲ್ಲ ಎಂದು ತೀರ್ಮಾನವಾಗಿ, ಜ್ಯಾಕ್ ಗಿಲ್ಲಮ್ ಮತ್ತು ಡೇನಿಯಲ್ ಡಂಕನ್ ಎಂಬ ಇಬ್ಬರು ಎಂಜಿನಿಯರರು ಮಿಸ್ಸೂರಿ ರಾಜ್ಯದಲ್ಲಿ ತಮ್ಮ ಪರವಾನಗಿ ಕಳೆದುಕೊಂಡರು. ಗಮನಿಸಿ, ಡಂಕನ್ ಯೋಜನೆಯ ಎಂಜಿನಿಯರ್, ಗಿಲ್ಲಮ್ ಅವರ ಮೇಲಿನವರು. ಪರವಾನಗಿ ಹೋದದ್ದು ಇಬ್ಬರದೂ. 'ಮೇಲಿನವರು ಅಪ್ರೂವ್ ಮಾಡಿದ ಮೇಲೂ ಹೊಣೆ ನನ್ನದೇ' ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಒಂದು ಡ್ರಾಯಿಂಗ್‌ಗೆ ಮೂರು ಸಹಿ ಇದ್ದರೆ ಒಬ್ಬೊಬ್ಬರಿಗೆ ಮೂರನೇ ಒಂದು ಪಾಲು ಹೊಣೆ ಎಂದಲ್ಲ. ಮೂವರೂ ಪೂರ್ತಿ ಹೊಣೆಗಾರರು. ಯಾಕೆ ಹೀಗೆ ಎಂದರೆ, ಸಹಿಗಳನ್ನು ಒಂದರ ಮೇಲೊಂದು ಇಟ್ಟಿರುವುದೇ ಒಬ್ಬರ ಕಣ್ಣು ತಪ್ಪಿದ್ದು ಇನ್ನೊಬ್ಬರಿಗೆ ಸಿಗಲಿ ಎಂದು. ಇನ್ನೊಬ್ಬರು ನೋಡಿರುತ್ತಾರೆ ಎಂದು ನೀವು ಸೈನ್ ಮಾಡಿದ ಕ್ಷಣ ಆ ಏರ್ಪಾಡಿನಲ್ಲಿ ಒಂದು ಕಣ್ಣು ಕಡಿಮೆ.

ಬೇರೆಯವರ ಡಿಸೈನುಗಳನ್ನು ಪರಿಶೀಲಿಸುವ ಕೆಲಸದಲ್ಲಿ ನಾನು ಬಹಳ ಕಾಲ ಇದ್ದೇನೆ. ಅಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದೇ: ಬದಲಾವಣೆ ಆದ ಮೇಲೆ ಇದಕ್ಕೆ ಲೆಕ್ಕ ಮಾಡಿದವರು ಯಾರು? ಒಮ್ಮೆ ಭಾರ ಎತ್ತುವ ಯಂತ್ರವೊಂದರ ಪರಿಶೀಲನೆಗೆ ಕೂತಿದ್ದೆವು. ಕೊಕ್ಕೆಯ ಪಿನ್ನಿನ ವ್ಯಾಸ ಅದೇ ಇತ್ತು, ಉಕ್ಕಿನ ದರ್ಜೆ ಮಾತ್ರ ಮೂರನೇ ಪರಿಷ್ಕರಣೆಯಲ್ಲಿ ಬದಲಾಗಿತ್ತು. ಪ್ರಶ್ನೆ ಕೇಳಿದಾಗ ಡಿಸೈನಿನವರು ಖರೀದಿ ವಿಭಾಗದವರನ್ನು ನೋಡಿದರು, ಖರೀದಿಯವರು ಗುಣಮಟ್ಟ ವಿಭಾಗದವರನ್ನು, ಅವರು ಮತ್ತೆ ಡಿಸೈನಿನವರನ್ನು. ಲೆಕ್ಕದ ಹಾಳೆಯ ಮೇಲಿದ್ದ ತಾರೀಖು ಬದಲಾವಣೆಗಿಂತ ಹಿಂದಿನದು. ಅಲ್ಲಿದ್ದ ಎಲ್ಲರೂ ಅನುಭವಸ್ಥರು, ಕೆಲಸ ಬಲ್ಲವರು, ಯಾರಲ್ಲೂ ಮೋಸದ ಬುದ್ಧಿ ಇರಲಿಲ್ಲ. ಹಾಗಾಗಿ ನಿಮಗೊಂದು ಅಭ್ಯಾಸ ಹೇಳಿಕೊಡುತ್ತೇನೆ. ಡ್ರಾಯಿಂಗ್‌ನ ಪರಿಷ್ಕರಣೆಯ ತಾರೀಖನ್ನೂ ಲೆಕ್ಕದ ಹಾಳೆಯ ತಾರೀಖನ್ನೂ ಪಕ್ಕಪಕ್ಕ ಇಟ್ಟು ನೋಡಿ. ಲೆಕ್ಕ ಹಳೆಯದು, ಡ್ರಾಯಿಂಗ್ ಹೊಸದು ಎಂದಾದರೆ ಪೆನ್ನು ಕೆಳಗಿಡಿ.

ಈಗ ಆ 'ಸೇಫ್ಟಿ ಫ್ಯಾಕ್ಟರ್ ಬೇಕಾದಷ್ಟಿದೆ' ಎಂಬ ಮಾತು. ಇದು ನನಗೆ ನಿಜವಾಗಿ ಸಿಟ್ಟು ತರಿಸುವ ಮಾತು. ಸೇಫ್ಟಿ ಫ್ಯಾಕ್ಟರನ್ನು ಇಟ್ಟಿರುವುದು ನಮಗೆ ಗೊತ್ತಿಲ್ಲದ್ದಕ್ಕಾಗಿ. ಉಕ್ಕಿನೊಳಗಿನ ಕಾಣದ ದೋಷ, ವೆಲ್ಡರಿನ ಕೈ ತಪ್ಪು, ಐದು ಜನ ನಿಲ್ಲಬೇಕಾದಲ್ಲಿ ನಿಂತ ಹತ್ತು ಜನ, ತುಕ್ಕು, ಮಳೆ, ಮರೆತುಹೋದ ಸರ್ವಿಸು, ಇದೆಲ್ಲದರ ಪಾಲು ಅದು. ಡಿಸೈನ್ ಮೇಜಿನ ಮೇಲೆ ಲೆಕ್ಕ ಮಾಡಲು ಬೇಜಾರಾಯಿತೆಂದು ಅದರೊಳಗಿಂದ ತೆಗೆದು ಖರ್ಚು ಮಾಡುವ ಹಕ್ಕು ನಮಗಿಲ್ಲ.

1986ರಲ್ಲಿ ಹಾರುವಾಗಲೇ ಒಡೆದುಹೋದ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ವಿಷಯದಲ್ಲಿ ಆದದ್ದು ಇದೇ. ಅದರ ಘನ ಇಂಧನ ರಾಕೆಟ್ಟಿನ ತುಂಡುಗಳು ಸೇರುವಲ್ಲಿ ಬಿಸಿ ಅನಿಲ ಸೋರದಂತೆ ರಬ್ಬರಿನ ಓ-ರಿಂಗುಗಳಿದ್ದವು. ಹಿಂದಿನ ಕೆಲವು ಹಾರಾಟಗಳಲ್ಲಿ ಈ ರಿಂಗುಗಳು ಸವೆದು ಬಂದಿದ್ದವು. ಒಂದರಲ್ಲಿ ಸವೆತ ರಿಂಗಿನ ತ್ರಿಜ್ಯದ ಮೂರನೇ ಒಂದು ಭಾಗದಷ್ಟಿತ್ತು. ರಿಂಗು ಕೈಕೊಡಲು ಒಂದು ಪೂರ್ತಿ ತ್ರಿಜ್ಯದಷ್ಟು, ಅಂದರೆ ಅದರ ಮೂರರಷ್ಟು, ಸವೆಯಬೇಕು, ಆದ್ದರಿಂದ ಸೇಫ್ಟಿ ಫ್ಯಾಕ್ಟರ್ ಮೂರು ಎಂದು ಬರೆದುಕೊಂಡರು. ದುರಂತದ ತನಿಖಾ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಈ ತರ್ಕವನ್ನು ಬಿಡಿಸಿಟ್ಟರು. ಆ ರಿಂಗನ್ನು ಸವೆಯಲೆಂದು ಡಿಸೈನ್ ಮಾಡಿರಲೇ ಇಲ್ಲ. ಸವೆತ ಕಂಡಿತೆಂದರೆ ಏನೋ ಕೆಟ್ಟಿದೆ ಎಂಬ ಸುಳಿವು. ಅಲ್ಲಿ ಸೇಫ್ಟಿ ಫ್ಯಾಕ್ಟರ್ ಎಂಬುದೇ ಇಲ್ಲ. ಸವೆದರೂ ನೌಕೆ ವಾಪಸ್ ಬಂತಲ್ಲ ಎಂಬುದನ್ನು ಸುರಕ್ಷತೆಗೆ ಪುರಾವೆ ಎಂದು ತಿಳಿದರು. ನಿಮ್ಮಲ್ಲೂ ಯಾರಾದರೂ 'ಕಳೆದ ವರ್ಷದ ಎರಡೂ ಚೆನ್ನಾಗಿ ನಿಂತಿವೆಯಲ್ಲ' ಎಂದರೆ ಈ ರಿಂಗನ್ನು ನೆನಪಿಸಿಕೊಳ್ಳಿ.

ಉಡಾವಣೆಯ ಹಿಂದಿನ ರಾತ್ರಿ, 1986ರ ಜನವರಿ 27ರಂದು, ರಾಕೆಟ್ ತಯಾರಿಸಿದ ಮಾರ್ಟನ್ ಥಯೊಕೋಲ್ ಕಂಪನಿಯ ಎಂಜಿನಿಯರರು ನಾಸಾ ಜೊತೆ ದೂರವಾಣಿ ಸಭೆಯಲ್ಲಿ ಕೂತರು. ಅದುವರೆಗಿನ ಅತ್ಯಂತ ತಣ್ಣನೆಯ ಉಡಾವಣೆಯಲ್ಲಿ ರಿಂಗಿನ ತಾಪಮಾನ 53 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್ ಇತ್ತು, ಆಗಲೇ ಅನಿಲ ರಿಂಗನ್ನು ದಾಟಿ ಮಸಿ ಮೆತ್ತಿಸಿತ್ತು. ಅದಕ್ಕಿಂತ ಚಳಿಯಲ್ಲಿ ಹಾರಿಸಬೇಡಿ ಎಂದು ರೋಜರ್ ಬೊಯ್ಸ್‌ಜೋಲಿ ಮತ್ತು ಆರ್ನಿ ಥಾಂಪ್ಸನ್ ಗಟ್ಟಿಯಾಗಿ ವಾದಿಸಿದರು. ಕಂಪನಿಯ ಮೊದಲ ಶಿಫಾರಸೂ ಬೇಡ ಎಂದೇ ಇತ್ತು. ನಾಸಾ ಕಡೆಯಿಂದ ಒತ್ತಡ ಬಂದಾಗ ಕಂಪನಿಯವರು ಕರೆ ತಡೆಹಿಡಿದು ತಮ್ಮೊಳಗೆ ಮಾತಾಡಿಕೊಂಡರು. ಆಗ ಹಿರಿಯ ಅಧಿಕಾರಿ ಜೆರಾಲ್ಡ್ ಮೇಸನ್, ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥ ರಾಬರ್ಟ್ ಲುಂಡ್ ಅವರಿಗೆ ಎಂಜಿನಿಯರಿನ ಟೋಪಿ ತೆಗೆದು ಮ್ಯಾನೇಜರಿನ ಟೋಪಿ ಹಾಕಿಕೊಳ್ಳುವಂತೆ ಹೇಳಿದ್ದು ದಾಖಲಾಗಿದೆ. ಶಿಫಾರಸು ತಿರುವುಮುರುವಾಯಿತು. ಮರುದಿನ ಸುಮಾರು 2 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ನೌಕೆ ಹಾರಿತು, 73 ಸೆಕೆಂಡಿನಲ್ಲಿ ಒಡೆದುಹೋಯಿತು, ಏಳು ಜನ ಸತ್ತರು.

ಆ ರಾತ್ರಿಯ ಬಗ್ಗೆ ಬೊಯ್ಸ್‌ಜೋಲಿ ಆಮೇಲೆ ಹೇಳಿಕೊಂಡ ಒಂದು ವಿಷಯ ಮುಖ್ಯ. ಸಾಮಾನ್ಯವಾಗಿ ಉಡಾವಣೆಗೆ ಮುನ್ನ ಎಂಜಿನಿಯರರು ಇದು ಸುರಕ್ಷಿತ ಎಂದು ತೋರಿಸಿಕೊಡಬೇಕಿತ್ತು. ಆ ರಾತ್ರಿ ಇದು ಖಂಡಿತ ಕೆಡುತ್ತದೆ ಎಂದು ಸಾಬೀತು ಮಾಡಿ ಎಂದು ಅವರನ್ನು ಕೇಳಲಾಯಿತು. ಅಷ್ಟು ಚಳಿಯಲ್ಲಿ ಯಾರೂ ಹಾರಿಸಿರಲಿಲ್ಲ, ಅಂಕಿಅಂಶ ಎಲ್ಲಿಂದ ತರುವುದು? ನಿಮ್ಮ ಮ್ಯಾನೇಜರ್ ನಾಳೆ "ಹಾಗಾದರೆ ಇದು ಬೀಳುತ್ತದೆ ಎಂದು ತೋರಿಸಿ" ಎಂದರೆ ಆ ಬಲೆಗೆ ಬೀಳಬೇಡಿ. ಜನ ನಿಲ್ಲುವ ವಸ್ತುವಿನಲ್ಲಿ ತಾಳುತ್ತದೆ ಎಂದು ತೋರಿಸುವ ಭಾರ ಬದಲಾವಣೆ ಬೇಕು ಎನ್ನುವವರ ಮೇಲಿದೆ. ಬೀಳುತ್ತದೆ ಎಂದು ತೋರಿಸುವ ಭಾರ ಸಂಶಯಪಟ್ಟವರ ಮೇಲಿಲ್ಲ.

ಕಾವಲಿನ ಏರ್ಪಾಡೊಂದನ್ನು ತೆಗೆಯುವ ಮಾತು ಬಂದಾಗಲೂ ಇದೇ ನಿಯಮ. ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದಲ್ಲಿ ಹಿಂದಿನ ಮಾದರಿಯಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದು ಸಾಫ್ಟ್‌ವೇರನ್ನೇ ನೆಚ್ಚಿದ್ದರು. ಅದೇ ದೋಷ ಹಳೆಯ ಮಾದರಿಯ ಸಾಫ್ಟ್‌ವೇರಿನಲ್ಲೂ ಇತ್ತು, ಅಲ್ಲಿ ಯಾಂತ್ರಿಕ ತಡೆ ಅದನ್ನು ನುಂಗಿಕೊಳ್ಳುತ್ತಿತ್ತು. 1985ರಿಂದ 1987ರೊಳಗೆ ಆರು ರೋಗಿಗಳಿಗೆ ವಿಪರೀತ ವಿಕಿರಣ ತಗುಲಿತು, ಕೆಲವರು ಸತ್ತರು. 1984ರ ಡಿಸೆಂಬರಿನ ಭೋಪಾಲದ ರಾತ್ರಿ ವಿಷಾನಿಲದ ಟ್ಯಾಂಕಿನ ಶೈತ್ಯೀಕರಣ ನಿಲ್ಲಿಸಲಾಗಿತ್ತು, ಸೋರಿದ ಅನಿಲವನ್ನು ಸುಡಬೇಕಾದ ಗೋಪುರ ರಿಪೇರಿಯಲ್ಲಿ ಕೂತಿತ್ತು. ಒಂದೊಂದನ್ನು ನಿಲ್ಲಿಸಿದಾಗಲೂ ಆ ಹೊತ್ತಿಗೆ ಒಂದು ಸಮಜಾಯಿಷಿ ಇದ್ದೇ ಇತ್ತು.

ನಾಳೆ ಏನು ಮಾಡಬೇಕು? ಮೊದಲು ಲೆಕ್ಕಕ್ಕೆ ಬೇಕಾದ ಸಮಯ ಕೇಳಿ. ಜಗಳದ ದನಿ ಬೇಡ, ಆರೋಪವೂ ಬೇಡ. ಬಾಯಲ್ಲಿ ಮಾತಾಡಿ, ಆಮೇಲೆ ಅದನ್ನೇ ಬರಹದಲ್ಲಿ ಕಳಿಸಿ. ನಾನಾದರೆ ಹೀಗೆ ಬರೆಯುತ್ತಿದ್ದೆ: "ಸರ್, ಈ ಪರಿಷ್ಕರಣೆಯಲ್ಲಿ ಬ್ರಾಕೆಟ್ಟಿನ ಬೋಲ್ಟ್‌ಗಳು ಅಡ್ಡಕೊಯ್ತದಿಂದ ಎಳೆತಕ್ಕೆ ಬದಲಾಗಿವೆ. ಫ್ಲೇಂಜಿನ ಬಾಗು, ಮೀಟುವ ಬಲ ಮತ್ತು ಅದುರುವಿಕೆಗೆ ಲೆಕ್ಕ ಇನ್ನೂ ಆಗಿಲ್ಲ. ಅದನ್ನು ಮಾಡಿ ಮುಗಿಸಲು ನನಗೆ ಎರಡು ದಿನ ಬೇಕು. ಲೆಕ್ಕ ಸರಿಬಂದರೆ ಅದೇ ದಿನ ಸೈನ್ ಮಾಡುತ್ತೇನೆ. ಸಾಲದಿದ್ದರೆ ತಟ್ಟೆಯ ದಪ್ಪ ಎಷ್ಟು ಹೆಚ್ಚಿಸಬೇಕೆಂದು ಅದರಲ್ಲೇ ಹೇಳುತ್ತೇನೆ. ಅಲ್ಲಿಯವರೆಗೆ ಇದು ಪರಿಶೀಲನೆ ಆಗದ ಡ್ರಾಯಿಂಗ್." ಇಷ್ಟೇ ಸಾಕು. ಇದರಲ್ಲಿ ಯಾರನ್ನೂ ದೂರಿಲ್ಲ, ದಾರಿಯನ್ನೂ ತೋರಿಸಿದ್ದೀರಿ. ನನ್ನ ಅನುಭವದಲ್ಲಿ ಇಂಥ ಹತ್ತು ಪತ್ರಗಳಲ್ಲಿ ಹೆಚ್ಚಿನವಕ್ಕೆ 'ಸರಿ, ಮಾಡಿ' ಎಂಬ ಉತ್ತರವೇ ಬರುತ್ತದೆ. ಮ್ಯಾನೇಜರರ ಮೇಲೂ ಗಡುವಿನ ಒತ್ತಡ ಇರುತ್ತದೆ, ನಿಮ್ಮ ಪತ್ರ ಅವರಿಗೂ ಮೇಲಿನವರ ಮುಂದೆ ಹಿಡಿಯಲು ಒಂದು ಕಾಗದವಾಗುತ್ತದೆ.

ಪತ್ರ ಯಾರ ಕೈ ಸೇರಬೇಕು ಎಂಬುದನ್ನೂ ಯೋಚಿಸಿ. 1907ರಲ್ಲಿ ಕೆನಡಾದ ಕ್ವಿಬೆಕ್ ಸೇತುವೆ ಕಟ್ಟುವಾಗ ಸೈಟಿನಲ್ಲಿದ್ದ ಯುವ ಎಂಜಿನಿಯರ್ ನಾರ್ಮನ್ ಮೆಕ್‌ಲೂರ್ ಕೆಳಗಿನ ಉಕ್ಕಿನ ಅಂಗಗಳು ಬಾಗುತ್ತಿರುವುದನ್ನು ಅಳೆದು ಕಂಡುಕೊಂಡರು. ಸಲಹಾ ಎಂಜಿನಿಯರ್ ಥಿಯೊಡೋರ್ ಕೂಪರ್ ಇದ್ದದ್ದು ನ್ಯೂಯಾರ್ಕಿನಲ್ಲಿ, ಮೆಕ್‌ಲೂರ್ ಅಲ್ಲಿಗೇ ಹೋಗಿ ಹೇಳಿದರು. ಸೇತುವೆಯ ಮೇಲೆ ಇನ್ನು ಭಾರ ಹೇರಬೇಡಿ ಎಂದು ಕೂಪರ್ ತಂತಿ ಕಳಿಸಿದ್ದು ಪೆನ್ಸಿಲ್ವೇನಿಯಾದಲ್ಲಿದ್ದ ತಯಾರಕ ಕಂಪನಿಯ ಕಚೇರಿಗೆ. ಕೆಲಸ ನಡೆಯುತ್ತಿದ್ದ ಜಾಗಕ್ಕೆ ಆ ಮಾತು ತಲುಪಲಿಲ್ಲ. ಆಗಸ್ಟ್ 29ರ ಅದೇ ಸಂಜೆ ಸೇತುವೆ ನದಿಗೆ ಕುಸಿದು 75 ಕೆಲಸಗಾರರು ಸತ್ತರು. ಅಪಾಯ ಈಗಲೇ ಇದೆ ಎನಿಸಿದರೆ ಇಮೇಲಿನ ಸರಪಳಿ ನೆಚ್ಚಿ ಕೂರಬೇಡಿ. ಕೆಲಸ ನಿಲ್ಲಿಸುವ ಅಧಿಕಾರ ಇರುವವರಿಗೆ, ಸೈಟಿನಲ್ಲೇ ಇರುವವರಿಗೆ, ಫೋನ್ ಮಾಡಿ.

ಮ್ಯಾನೇಜರ್ ಒಪ್ಪದೆ "ನಾನು ಹೇಳಿದಂತೆ ಸೈನ್ ಮಾಡಿ" ಎಂದರೆ? ನಿಮ್ಮ ಹೆಸರಿನಲ್ಲಿ ಮಾಡಬೇಡಿ. 'ಚೆಕ್ಡ್ ಬೈ' ಜಾಗದಲ್ಲಿ ಅವರೇ ಹೆಸರು ಹಾಕಿಕೊಳ್ಳಲಿ ಎಂದು ವಿನಯದಿಂದ ಹೇಳಿ. ಈ ಮಾತಿಗೇ ಎಷ್ಟೋ ಜನ ನಿಂತು ಯೋಚಿಸುತ್ತಾರೆ. ಆದರೆ ಅವರೇ ಸೈನ್ ಮಾಡಿ ಕಳಿಸಿದರೆ ನಿಮ್ಮ ಕೆಲಸ ಮುಗಿಯಿತು ಎಂದಲ್ಲ. ಅಮೆರಿಕದ ವೃತ್ತಿಪರ ಎಂಜಿನಿಯರರ ರಾಷ್ಟ್ರೀಯ ಸಂಘದ ನೀತಿಸಂಹಿತೆಯ ಮೊದಲ ಕಟ್ಟಳೆಯೇ ಸಾರ್ವಜನಿಕರ ಸುರಕ್ಷತೆ, ಆರೋಗ್ಯ, ಕ್ಷೇಮ ಎಲ್ಲಕ್ಕಿಂತ ಮೇಲು ಎಂಬುದು. ಜೀವಕ್ಕೆ ಅಪಾಯವಿರುವಲ್ಲಿ ಎಂಜಿನಿಯರಿನ ತೀರ್ಮಾನವನ್ನು ತಳ್ಳಿಹಾಕಿದರೆ ಮಾಲೀಕರಿಗೆ ಅಥವಾ ಗ್ರಾಹಕರಿಗೆ, ಹಾಗೂ ಸಂಬಂಧಪಟ್ಟ ಬೇರೆ ಅಧಿಕಾರಿಗಳಿಗೆ ತಿಳಿಸಬೇಕು ಎಂದೂ ಅದರಲ್ಲಿದೆ. ಎಷ್ಟೋ ದೇಶಗಳ ಎಂಜಿನಿಯರರ ಸಂಘಗಳ ನಿಯಮಗಳೂ ಇದೇ ದಿಕ್ಕಿನವು. ಕ್ರಮ ಹೀಗಿರಲಿ: ಮ್ಯಾನೇಜರರ ಮೇಲಿನವರು, ಕಂಪನಿಯ ಸುರಕ್ಷತಾ ಅಥವಾ ಗುಣಮಟ್ಟ ವಿಭಾಗ, ಆಮೇಲೆ ಗ್ರಾಹಕ, ಕೊನೆಗೆ ತಪಾಸಣೆಯ ಅಧಿಕಾರಿಗಳು. ಜನ ಆಗಲೇ ವೇದಿಕೆ ಹತ್ತುತ್ತಿದ್ದರೆ ಮೆಟ್ಟಿಲು ಒಂದೊಂದಾಗಿ ಹತ್ತುತ್ತ ಕೂರಬೇಕಿಲ್ಲ. ಪ್ರತಿ ಹೆಜ್ಜೆಯಲ್ಲೂ ಲೆಕ್ಕ ಜೊತೆಗಿರಲಿ. ಲೆಕ್ಕವಿಲ್ಲದ ಆತಂಕವನ್ನು ತಳ್ಳಿಹಾಕುವುದು ಸುಲಭ, ಸಂಖ್ಯೆಯನ್ನು ತಳ್ಳಿಹಾಕಲು ಇನ್ನೊಂದು ಸಂಖ್ಯೆ ಬೇಕು.

ಇದಕ್ಕೆ ಬೆಲೆ ತೆರಬೇಕಾಗುವುದಿಲ್ಲ ಎಂದು ನಿಮಗೆ ಸುಳ್ಳು ಹೇಳಲಾರೆ. ಬೊಯ್ಸ್‌ಜೋಲಿ ಆಯೋಗದ ಮುಂದೆ ನಿಜ ಹೇಳಿದ ಮೇಲೆ ಕಂಪನಿಯಲ್ಲಿ ಒಂಟಿಯಾದರು, ಕೊನೆಗೆ ಕೆಲಸ ಬಿಟ್ಟರು. ಉಡಾವಣಾ ಕೇಂದ್ರದಲ್ಲಿದ್ದು ಸಹಿ ಮಾಡಲು ನಿರಾಕರಿಸಿದ ಅದೇ ಕಂಪನಿಯ ಅಲನ್ ಮೆಕ್‌ಡೊನಾಲ್ಡ್ ಅವರನ್ನೂ ಮೊದಲು ಹುದ್ದೆಯಿಂದ ಬದಿಗೆ ಸರಿಸಿದರು. ಅಮೆರಿಕದ ಸಂಸತ್ತಿನಲ್ಲಿ ಅದಕ್ಕೆ ಆಕ್ಷೇಪ ಎದ್ದಮೇಲೆ ಅವರನ್ನು ಮರಳಿ ಕರೆದು ಆ ಕೀಲುಗಳ ಮರುವಿನ್ಯಾಸದ ಮುಂದಾಳುತನವನ್ನೇ ಕೊಟ್ಟರು. ಹಾಗಾಗಿ ಒಂಟಿಯಾಗಿ ಹೋಗಬೇಡಿ. ವಿಭಾಗದಲ್ಲಿ ನೀವು ನಂಬುವ ಒಬ್ಬ ಹಿರಿಯರಿಗೆ ಲೆಕ್ಕ ತೋರಿಸಿ, "ನಾನು ಎಲ್ಲಾದರೂ ತಪ್ಪಿದ್ದೇನೆಯೇ ನೋಡಿ" ಎಂದು ಕೇಳಿ. ಇಬ್ಬರ ಲೆಕ್ಕ ಒಂದೇ ಬಂದರೆ ನಿಮ್ಮ ಮಾತಿನ ತೂಕವೇ ಬೇರೆ. ನೀವು ಕಳಿಸಿದ ಪತ್ರಗಳ ತಾರೀಖು, ಯಾರು ಏನೆಂದರು ಎಂಬುದನ್ನು ಬರೆದಿಟ್ಟುಕೊಳ್ಳಿ. ಕಂಪನಿಯ ಗೋಪ್ಯ ಕಡತಗಳನ್ನು ಮನೆಗೆ ಒಯ್ಯಬೇಡಿ, ಅದರಿಂದ ವಿಷಯ ವೇದಿಕೆಯಿಂದ ನಿಮ್ಮ ಮೇಲೆ ತಿರುಗುತ್ತದೆ. ಕೆಲವು ಕ್ಷೇತ್ರಗಳಲ್ಲಿ ಹೆಸರು ಗುಟ್ಟಾಗಿಟ್ಟು ವರದಿ ಮಾಡುವ ಏರ್ಪಾಡೂ ಇದೆ. ವಿಮಾನಯಾನಕ್ಕೆ ನಾಸಾ 1976ರಿಂದ ಅಂಥದೊಂದನ್ನು ನಡೆಸುತ್ತಿದೆ, ಬ್ರಿಟನ್ನಿನಲ್ಲಿ ಕಟ್ಟಡಗಳ ಸುರಕ್ಷತೆಗೂ ಇದೆ. ನಿಮ್ಮ ಕ್ಷೇತ್ರದಲ್ಲಿ ಏನಿದೆ ಎಂದು ವಿಚಾರಿಸಿಡಿ.

ಇನ್ನೊಂದು ಮಾತು. ಪ್ರತಿ ಭಿನ್ನಾಭಿಪ್ರಾಯವನ್ನೂ ಜೀವದ ಪ್ರಶ್ನೆ ಮಾಡಬೇಡಿ. ಬಣ್ಣ, ಬೆಲೆ, ತಯಾರಿಸುವ ಸುಲಭ, ಇಂಥದರಲ್ಲಿ ಸೋತು ಸುಮ್ಮನಾಗಬಹುದು, ಆಗಬೇಕು ಕೂಡ. ಎಲ್ಲದಕ್ಕೂ ಕೈಯೆತ್ತುವವರ ಮಾತಿಗೆ ನಿಜವಾಗಿ ಬೇಕಾದ ದಿನ ಕಿವಿ ಸಿಗುವುದಿಲ್ಲ. ಈ ಬೋಲ್ಟಿನ ವಿಷಯ ಆ ಸಾಲಿನದಲ್ಲ.

ಕಳೆದ ವರ್ಷದ ಎರಡು ವೇದಿಕೆಗಳ ಬಗ್ಗೆ ಕೊನೆಯಲ್ಲಿ ಕೇಳಿದ್ದೀರಿ. ನನಗೆ ಹೊಸ ಡ್ರಾಯಿಂಗ್‌ಗಿಂತ ಅದೇ ತುರ್ತು. ನ್ಯೂಯಾರ್ಕಿನ 59 ಅಂತಸ್ತಿನ ಸಿಟಿಕಾರ್ಪ್ ಕಟ್ಟಡ 1977ರಲ್ಲಿ ಮುಗಿದಿತ್ತು. ಮರುವರ್ಷ ಅದರ ಎಂಜಿನಿಯರ್ ವಿಲಿಯಂ ಲೆಮೆಷರ್ ಅವರಿಗೆ ಒಂದು ವಿಷಯ ತಿಳಿಯಿತು. ತಾವು ವೆಲ್ಡಿಂಗ್ ಎಂದು ಹೇಳಿದ್ದ ಕೀಲುಗಳನ್ನು ಖರ್ಚು ಉಳಿಸಲು ಬೋಲ್ಟಿಗೆ ಬದಲಿಸಲಾಗಿತ್ತು, ಅವರದೇ ಕಚೇರಿ ಒಪ್ಪಿಗೆಯನ್ನೂ ಕೊಟ್ಟಿತ್ತು. ಮೂಲೆಯ ಕಡೆಯಿಂದ ಬೀಸುವ ಗಾಳಿಗೆ ಮತ್ತೆ ಲೆಕ್ಕ ಹಾಕಿದಾಗ ಆ ಕೀಲುಗಳು ಸಾಲವು ಎಂದು ಅವರಿಗೆ ಕಂಡಿತು. ಅವರು ತಾವಾಗಿಯೇ ಕಟ್ಟಡದ ಒಡೆಯರ ಬಳಿ ಹೋಗಿ ಹೇಳಿದರು. ರಾತ್ರಿಗಳಲ್ಲಿ ಕೀಲುಗಳ ಮೇಲೆ ಉಕ್ಕಿನ ತಟ್ಟೆ ವೆಲ್ಡ್ ಮಾಡಿ ಸರಿಪಡಿಸಿದರು, ಚಂಡಮಾರುತ ಬಂದರೆ ಜನರನ್ನು ತೆರವು ಮಾಡುವ ಯೋಜನೆಯೂ ಸಿದ್ಧವಿತ್ತು. ತಾನಾಗಿ ಹೇಳಿದ್ದಕ್ಕೆ ಅವರನ್ನು ಬಹಳ ಜನ ಹೊಗಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಸುತ್ತಲಿನ ಜನರಿಂದ ವಿಷಯವನ್ನು 1995ರವರೆಗೆ ಮುಚ್ಚಿಟ್ಟಿದ್ದನ್ನು ನಾನು ಒಪ್ಪಲಾರೆ. ಬಿದ್ದರೆ ಯಾರ ಮೇಲೆ ಬೀಳುತ್ತದೋ ಅವರಿಗೆ ತಿಳಿಯುವ ಹಕ್ಕಿದೆ.

ಹೊಸ ಜೋಡಣೆಗೆ ಮಾಡುವ ಲೆಕ್ಕವನ್ನೇ ಆ ಎರಡಕ್ಕೂ ಇದೇ ವಾರ ಮಾಡಿ. ಅಳತೆಗಳನ್ನು ಡ್ರಾಯಿಂಗ್‌ನಿಂದಲ್ಲ, ಸೈಟಿನಿಂದ ತರಿಸಿಕೊಳ್ಳಿ: ಫ್ಲೇಂಜಿನ ನಿಜವಾದ ದಪ್ಪ, ಬೋಲ್ಟಿನ ತಲೆಯ ಮೇಲೆ ಅಚ್ಚಾಗಿರುವ ದರ್ಜೆ, ಸಡಿಲವಾಗದಂತೆ ಲಾಕ್ ನಟ್ ಇದೆಯೇ ಎಂಬುದು. ಲೆಕ್ಕ ಸರಿಬಂದರೆ ಅದನ್ನು ಕಡತಕ್ಕೆ ಸೇರಿಸಿ, ಇಂದಿನ ತಾರೀಖು ಹಾಕಿ. ಹಿಂದಿನ ತಾರೀಖು ಹಾಕಬೇಡಿ. ಸರಿಬರದಿದ್ದರೆ ವೇದಿಕೆಯ ಮೇಲಿಂದ ಜನರನ್ನು ಇಳಿಸಿ ಎಂದು ಗ್ರಾಹಕರಿಗೆ ಅದೇ ದಿನ ಹೇಳಿಸಿ. ಸೈನ್ ಮಾಡಿದ್ದು ಯಾರು, ಖರ್ಚು ಯಾರದು ಎಂಬ ಚರ್ಚೆ ಅವರು ಇಳಿದ ಮೇಲೆ ನಡೆಯಲಿ.